ಪುಂಡಿ ಆರುವ ಮೊದಲು

ಆ ಶುಕ್ರವಾರ ನಾನು ಒಂದೂವರೆ ಗಂಟೆ ತುಳುವಿನಲ್ಲಿಯೇ ಪಾಠ ಮಾಡಿದ್ದೆ. ಯಾರಾದರೂ ಕೇಳಿದ್ದರೆ ಆಣೆ ಹಾಕಿ ಹೇಳುತ್ತಿದ್ದೆ. ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ನಾವಿರುವ ಕೊಲ್ಲಿ ದೇಶದ ಊರಿನಲ್ಲಿ, ಸಾಲ್ಮಿಯಾದ ಒಂದು ವಸತಿ ಕಟ್ಟಡದ ನೆಲಮಾಳಿಗೆಯಲ್ಲಿ ನಮ್ಮ ಕರಾವಳಿಯವರ ಸಂಘಕ್ಕೆ ಒಂದು ಹಾಲ್ ಇದೆ. ಒಂದು ಮೂಲೆಯಲ್ಲಿ ಸಣ್ಣ ವೇದಿಕೆ, ಅದರ ಮೇಲೆ ಮೈಕು, ಗೋಡೆಗೆ ಬಿಳಿ ಹಲಗೆ, ಹಿಂದುಗಡೆ ಸಿಂಕ್ ಇರುವ ಒಂದು ಚಹಾ ಕೋಣೆ. ಶುಕ್ರವಾರ ಸಂಜೆ ನಾಲ್ಕರಿಂದ ಐದೂವರೆಯವರೆಗೆ ಅಲ್ಲಿ ನಾನು ಮಕ್ಕಳಿಗೆ ತುಳು ಕಲಿಸುತ್ತೇನೆ. ಎಂಟು ವರ್ಷದಿಂದ ಹದಿಮೂರರವರೆಗಿನ ಹದಿನಾಲ್ಕು ಮಕ್ಕಳು. ಇವರಿಗೆ ತುಳು ಅರ್ಥವಾಗುತ್ತದೆ. ಮನೆಯಲ್ಲಿ ಅಪ್ಪ ಅಮ್ಮ ತುಳುವಿನಲ್ಲಿ ಕೇಳುತ್ತಾರೆ, ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ, ಎರಡೂ ಕಡೆಯವರಿಗೆ ಅದು ವಿಚಿತ್ರವೆಂದು ಅನ್ನಿಸುವುದಿಲ್ಲ. ವಾರದ ಉಳಿದ ದಿನ ನಾನು ಶುಐಬಾದಲ್ಲಿ ಗುತ್ತಿಗೆ ಕಾರ್ಮಿಕರಿಗೆ ಸುರಕ್ಷತಾ ತರಬೇತಿ ಕೊಡುವವನು. ಭಾಷಾಶಾಸ್ತ್ರ ಓದಿದವನು ಹೆಲ್ಮೆಟ್ಟು, ಬೆಲ್ಟುಗಳ ಪಾಠಕ್ಕೆ ಹೇಗೆ ಬಂದ ಎನ್ನುವುದು ಬೇರೆ ಕಥೆ, ಅಷ್ಟೇನೂ ಸ್ವಾರಸ್ಯದ್ದಲ್ಲ. ಓದಿದ್ದರಲ್ಲಿ ನನ್ನ ಕೈಯಲ್ಲಿ ಉಳಿದದ್ದು ಶುಕ್ರವಾರದ ಈ ಒಂದೂವರೆ ಗಂಟೆ ಮಾತ್ರ.

ಈದ್ ರಜೆ ಮುಗಿದ ವಾರ ಸಂಘದ ಕಾರ್ಯದರ್ಶಿ ತರಗತಿ ಮುಗಿಯುವವರೆಗೆ ಕಾದು ನಿಂತಿದ್ದರು. ಆಕೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸು, ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಸಂಘದಲ್ಲಿ ಕನ್ನಡ. ಸುತ್ತಿ ಬಳಸಿ ಮಾತಾಡುವವರಲ್ಲ.

“ಮಾಸ್ಟ್ರೆ, ಅಬಾಕಸ್ ಕ್ಲಾಸಿನವ್ರು ಈ ಟೈಮ್ ಕೇಳ್ತಿದ್ದಾರೆ. ನಲ್ವತ್ತು ಮಕ್ಕಳು ಉಂಟಂತೆ. ಕಮಿಟಿಯಲ್ಲಿ ನಾನು ಎಂತ ಹೇಳ್ಬೇಕು?”

ತುಳು ಕ್ಲಾಸು ಎರಡು ವರ್ಷದಿಂದ ನಡೆಯುತ್ತಿದೆಯಲ್ಲ ಎಂದೆ.

“ಅದೇ ಹೇಳುದು. ಎರಡು ವರ್ಷದಲ್ಲಿ ಒಂದು ಮಗು ತುಳು ಮಾತಾಡಿದ್ದು ನಾನು ಕೇಳಿಲ್ಲ. ಬರೀತಾರೆ, ಓದ್ತಾರೆ. ಮಾತಾಡುದಿಲ್ಲ.”

ಕೊನೆಗೆ ಹೀಗೆ ತೀರ್ಮಾನವಾಯಿತು: ಶಾಲೆಗಳಿಗೆ ಬೇಸಿಗೆ ರಜೆ ಬರುವ ಮೊದಲಿನ ಕೊನೆಯ ಶುಕ್ರವಾರ ಕಮಿಟಿಯವರು ಬಂದು ಕೂರುತ್ತಾರೆ. ಮಕ್ಕಳು ಅರ್ಧ ಗಂಟೆ ತುಳುವಿನಲ್ಲಿ ವ್ಯವಹರಿಸಿದರೆ ತರಗತಿ ಉಳಿಯುತ್ತದೆ. ಇಲ್ಲದಿದ್ದರೆ ಸೆಪ್ಟೆಂಬರಿನಿಂದ ಅಬಾಕಸ್. ನನ್ನ ಕೈಯಲ್ಲಿ ಎಂಟು ಶುಕ್ರವಾರಗಳಿದ್ದವು.

ತಪ್ಪು ಮಕ್ಕಳದ್ದು, ಮನೆಗಳದ್ದು, ಈ ಊರಿನದ್ದು ಎಂಬುದರಲ್ಲಿ ನನಗೆ ಆಗ ಸಂಶಯವಿರಲಿಲ್ಲ. ಸಂಶಯಪಡುವುದು ನನ್ನ ಹುಟ್ಟುಗುಣವೇ ಆದರೂ ಅದು ಸಾಮಾನ್ಯವಾಗಿ ಬೇರೆಯವರ ಕಡೆಗೇ ತಿರುಗಿರುತ್ತದೆ. ನನ್ನ ವಿಷಯದಲ್ಲಿ ನಾನು ನಂಬದೆ ಇರುವುದು ನೆನಪೊಂದನ್ನೇ. ಅದಕ್ಕೆ ಕಾರಣವಿದೆ. ವಿಶ್ವವಿದ್ಯಾಲಯದಲ್ಲಿದ್ದಾಗ ಒಬ್ಬ ಮುದುಕಿಯಿಂದ ಭತ್ತದ ಕೆಲಸದ ಒಂದು ಅಪರೂಪದ ಪದ ಸಿಕ್ಕಿತೆಂದು ಬರೆದುಕೊಂಡು, ಅದರ ಮೇಲೆ ಒಂದು ಇಡೀ ಅಧ್ಯಾಯ ಕಟ್ಟಿದ್ದೆ. ಆಕೆ ಆ ಪದ ಹೇಳಿದಾಗಿನ ಮುಖಭಾವ ಕೂಡ ನನಗೆ ನೆನಪಿತ್ತು. ವರ್ಷ ಕಳೆದು ಟೇಪು ಹಾಕಿ ಕೇಳಿದರೆ ಪದವನ್ನು ಮೊದಲು ಹೇಳಿದವನು ನಾನೇ. ಆಕೆ ಬರೀ “ಹೂಂ” ಅಂದಿದ್ದಳು. ಅಂದಿನಿಂದ ಏನನ್ನೇ ಆದರೂ ಧ್ವನಿಮುದ್ರಿಸಿಕೊಳ್ಳುವ ಚಾಳಿ. ತರಗತಿಗಳನ್ನೂ ಫೋನಿನಲ್ಲಿ ಮುದ್ರಿಸುತ್ತಿದ್ದೆ. ಮಕ್ಕಳ ಮಾತು ಹೇಗೆ ಬದಲಾಗುತ್ತದೆಂದು ಮುಂದೊಂದು ದಿನ ನೋಡಬೇಕೆಂಬ ಆಸೆ. ಎರಡು ವರ್ಷದಲ್ಲಿ ಒಂದನ್ನೂ ಕೇಳಿರಲಿಲ್ಲ.

ಕಾರ್ಯದರ್ಶಿಯ ಮಾತಿನ ಬಿಸಿಯಲ್ಲಿ, ಭಾನುವಾರ ಬೆಳಿಗ್ಗೆ ಶುಐಬಾಕ್ಕೆ ಹೋಗುವ ದಾರಿಯಲ್ಲಿ ಹಿಂದಿನ ಶುಕ್ರವಾರದ ಪಾಠ ಹಚ್ಚಿದೆ. ಮಕ್ಕಳು ಎಲ್ಲಿ ಇಂಗ್ಲಿಷಿಗೆ ಜಾರುತ್ತಾರೆಂದು ಗುರುತಿಸುವುದು ಉದ್ದೇಶ. ಮೊದಲು ಕೇಳಿಸಿದ್ದು ನನ್ನ ಗಂಟಲು.

“ಮಕ್ಕಳೇ, ಎಲ್ಲರೂ ಕೂತ್ಕೊಳ್ಳಿ. ಪೇಜ್ ಟ್ವೆಂಟಿ ತೆಗೀರಿ. ತುಳುವಿನಲ್ಲಿ ‘ಕುಲ್ಲುಲೆ’ ಅಂದರೆ ಏನು? ವೆರಿ ಗುಡ್. ‘ಕೂತ್ಕೊಳ್ಳಿ’ ಎಂದು ಅರ್ಥ. ಬರ್ಕೊಳ್ಳಿ.”

ಕೂತುಕೊಳ್ಳಿ ಎಂದು ಕನ್ನಡದಲ್ಲಿ ಹೇಳಿ ಕೂರಿಸಿ, ಆಮೇಲೆ ಕುಲ್ಲುಲೆ ಎಂದರೆ ಏನೆಂದು ಕೇಳಿದ್ದೆ. ಕೂತವರನ್ನು.

ಫಹಾಹೀಲ್ ಹೆದ್ದಾರಿಯಲ್ಲಿ ನನ್ನ ಕಾರು ಯಾವ ಲೇನಿನಲ್ಲಿತ್ತೋ ತಿಳಿಯದು. ಸಂಜೆ ಮನೆಗೆ ಬಂದು ಗಡಿಯಾರ ಹಿಡಿದು ಕೂತು ಲೆಕ್ಕ ಹಾಕಿದೆ. ಎಂಬತ್ತೈದು ನಿಮಿಷದ ಪಾಠದಲ್ಲಿ ನನ್ನ ಬಾಯಿಂದ ಬಂದ ತುಳುವನ್ನೆಲ್ಲ ಗುಡಿಸಿ ಒಟ್ಟು ಮಾಡಿದರೆ ಏಳು ನಿಮಿಷ ಆಗಲಿಲ್ಲ. ಗದರುವುದು ಕನ್ನಡದಲ್ಲಿ, ಹೊಗಳುವುದು ಇಂಗ್ಲಿಷಿನಲ್ಲಿ, ವಿವರಣೆ ಎರಡನ್ನೂ ಕಲಸಿ. ತುಳು ಹಲಗೆಯ ಮೇಲಿತ್ತು, ಗಾಜಿನ ಪೆಟ್ಟಿಗೆಯಲ್ಲಿಟ್ಟ ಕಪ್ಪೆಯ ಹಾಗೆ. ನಾನು ಕೋಲಿನಿಂದ ತೋರಿಸುತ್ತಿದ್ದೆ.

ಹೆಂಡತಿ ಮೈಸೂರಿನ ಕಡೆಯವಳು, ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಲ್ಯಾಬಿನಲ್ಲಿದ್ದಾಳೆ. ನಮ್ಮ ಮನೆಯ ಮಾತು ಕನ್ನಡ. ಅವಳು ಸ್ವಲ್ಪ ಹೊತ್ತು ಕೇಳಿಸಿಕೊಂಡು, “ನನಗೆ ಎಲ್ಲಾ ಅರ್ಥ ಆಯ್ತಲ್ಲಾ. ತುಳು ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ,” ಎಂದಳು.

ಇದು ನನ್ನೊಬ್ಬನ ರೋಗವಲ್ಲ. ನಾವು ತುಳುವರು ಅಂಗಳದಲ್ಲಿ, ಅಂಗಡಿಯಲ್ಲಿ, ಜಗಳದಲ್ಲಿ ತುಳುವೇ. ನಾಲ್ಕು ಜನ ಸಾಲಾಗಿ ಕೂತು, ಎದುರಿಗೆ ಒಂದು ಮೇಜು ಬಂತೋ, ನಾಲಗೆ ತಾನಾಗಿ ಕನ್ನಡಕ್ಕೆ ಹೊರಳುತ್ತದೆ. ತುಳು ಉಳಿಸಿ ಎಂಬ ಭಾಷಣವನ್ನೂ ಕನ್ನಡದಲ್ಲೇ ಮಾಡುತ್ತೇವೆ. ಶಾಲೆಯಲ್ಲಿ ಬೆಂಚಿನ ಮೇಲೆ ಕೂತ ದಿನದಿಂದ ಬಂದ ಅಭ್ಯಾಸ. ಇದರ ಬಗ್ಗೆ ಓದಿದ್ದೇನೆ, ಒಮ್ಮೆ ಬರೆದೂ ಇದ್ದೇನೆ. ಆದರೂ ಎರಡು ವರ್ಷ ಅದನ್ನೇ ಮಾಡಿದೆ. ತುಳುವಿನಲ್ಲಿ ಮಾಡುತ್ತಿದ್ದೇನೆ ಎಂಬ ಸ್ಪಷ್ಟ ನೆನಪಿನೊಂದಿಗೆ ಮಾಡಿದೆ.

ಮುಂದಿನ ಶುಕ್ರವಾರ ಬಾಗಿಲಲ್ಲಿ ನಿಂತು ನಿಯಮ ಹೇಳಿದೆ: ಹೊಸಿಲು ದಾಟಿ ಒಳಗೆ ಬಂದ ಮೇಲೆ ತುಳು ಮಾತ್ರ, ನನಗೂ. ಮೊದಲ ಹತ್ತು ನಿಮಿಷ ನಡೆಯಿತು. ಆಮೇಲೆ ಮಾತು ನಿಂತುಹೋಯಿತು, ಮಕ್ಕಳದ್ದಲ್ಲ, ನನ್ನದು. ಪುಟ ತಿರುಗಿಸಿ, ಸಾಲು ಬಿಟ್ಟು ಬರೆಯಿರಿ, ಇನ್ನೊಮ್ಮೆ ಯೋಚಿಸಿ ಎನ್ನುವುದಕ್ಕೆಲ್ಲ ತುಳುವಿನಲ್ಲಿ ನನ್ನ ನಾಲಗೆ ಹೊರಳಿಯೇ ಇರಲಿಲ್ಲ. ಹುಡುಕಿ ಒಂದು ಪದ ತಂದರೆ ಅದು ನಮ್ಮ ಮನೆಯಲ್ಲಿ ಕೇಳಿದ್ದೋ ನಿಘಂಟಿನಲ್ಲಿ ಓದಿದ್ದೋ ಎಂಬ ಸಂಶಯ ಬಂದು ಅಲ್ಲಿಯೇ ನಿಲ್ಲುತ್ತಿದ್ದೆ. ಮಕ್ಕಳು ಕೈಕಟ್ಟಿ ಕೂತರು. ಆರನೇ ಕ್ಲಾಸಿನ ಒಬ್ಬ ಹುಡುಗಿ, ತರಗತಿಯಲ್ಲೇ ಚುರುಕು, ತುಳು ಎಲ್ಲಾ ಅರ್ಥವಾಗುವವಳು, ನನ್ನನ್ನು ಕನಿಕರದಿಂದ ನೋಡುತ್ತಿದ್ದಳು.

ತರಗತಿ ಮುಗಿದ ಮೇಲೆ ಅವಳನ್ನು ಕೇಳಿದೆ, ನಿನಗೆ ಬರುತ್ತದಲ್ಲ, ಯಾಕೆ ಮಾತಾಡುವುದಿಲ್ಲ ಎಂದು. ಹೊಸಿಲಿನ ಆಚೆ ಬಂದಿದ್ದರಿಂದ ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಊರಿಗೆ ಹೋದಾಗ ಅವಳು ತುಳುವಿನಲ್ಲಿ ಏನಾದರೂ ಹೇಳಿದರೆ ಮನೆಯವರೆಲ್ಲ ಪ್ರೀತಿಯಿಂದ ನಗುತ್ತಾರಂತೆ. ಇನ್ನೊಮ್ಮೆ ಹೇಳು ಎನ್ನುತ್ತಾರಂತೆ. ಚಿಕ್ಕಪ್ಪನನ್ನು ಕರೆದು ಅವರ ಎದುರು ಹೇಳಿಸುತ್ತಾರಂತೆ. ಒಂದು ಸಲ ಅವಳು ಕೇಳಿದ್ದು ನೀರು. ನೀರು ಕೊಡುವ ನೆನಪು ಯಾರಿಗೂ ಇರಲಿಲ್ಲ.

ಆ ವಾರ ಇಬ್ಬರು ಮಕ್ಕಳು ಬಿಟ್ಟರು. ಒಬ್ಬ ತಂದೆ ಫೋನು ಮಾಡಿ, ಮಗ ನೋಟ್ಸ್ ಇಲ್ಲದೆ ಬಂದಿದ್ದಾನೆ, ಹೀಗಾದರೆ ಕಲಿಯುವುದು ಏನನ್ನು ಎಂದು ವಿಚಾರಿಸಿದರು. ಬಹಳ ಮರ್ಯಾದೆಯಿಂದ, ಕನ್ನಡದಲ್ಲಿ.

ನನಗೆ ಗೊತ್ತಿರುವವರಲ್ಲಿ ದಿನವಿಡೀ ತುಳುವಿನಲ್ಲೇ ಬದುಕುವ ಮನುಷ್ಯ ಒಬ್ಬರೇ. ಅರ್ದಿಯಾದಲ್ಲಿ ಕಾರ್ಮಿಕರ ವಸತಿಯೊಂದರ ಮೆಸ್ಸಿನಲ್ಲಿ ಅಡುಗೆ ಮಾಡುವವರು, ಕಾರ್ಕಳದ ಕಡೆಯವರು, ಐವತ್ತೈದು ದಾಟಿದವರು. ಎಲ್ಲರೂ ಅವರನ್ನು ಅಣ್ಣ ಎನ್ನುತ್ತಾರೆ. ತರಬೇತಿಗೆ ಬರುವ ಹುಡುಗರ ಮೂಲಕ ಪರಿಚಯವಾಗಿ, ಶನಿವಾರಗಳಲ್ಲಿ ಗಂಜಿ ಮೀನಿಗೆ ಅಲ್ಲಿಗೆ ಹೋಗುವುದು ರೂಢಿ. ಅಣ್ಣ ಲಾರಿ ಚಾಲಕನಿಗೂ, ಅಕ್ಕಿ ಇಳಿಸುವವನಿಗೂ, ಒಲೆಗೂ ತುಳುವಿನಲ್ಲೇ ಬೈಯುತ್ತಾರೆ. ಅವರು ಒಂದು ಶುಕ್ರವಾರ ಬಂದು ಮಕ್ಕಳ ಮುಂದೆ ಸುಮ್ಮನೆ ಮಾತಾಡಿದರೆ ಸಾಕು ಎಂದು ನನಗನ್ನಿಸಿತು.

ಅವರು ಒಪ್ಪಲಿಲ್ಲ. ನಾನು ಏಳನೇ ಕ್ಲಾಸು, ನಿಮ್ಮ ಶಾಲೆಗೆ ಬಂದು ಏನು ಹೇಳಲಿ ಎಂದರು. ಮೂರು ಶನಿವಾರ ಬೆನ್ನುಬಿದ್ದೆ. ಕೊನೆಗೆ ಬೇಸರ ತಾಳಲಾರದೆ ಒಪ್ಪಿಕೊಂಡರು.

ಅವರು ಬಂದ ದಿನ ಹೊರಗೆ ಧೂಳು ಎದ್ದು ಆಕಾಶ ಇಟ್ಟಿಗೆ ಬಣ್ಣವಾಗಿತ್ತು. ಒಂಬತ್ತು ಮಕ್ಕಳು ಬಂದಿದ್ದರು. ಅಣ್ಣ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಕೂದಲಿಗೆ ಎಣ್ಣೆ ಹಚ್ಚಿ, ವೇದಿಕೆ ಹತ್ತಿ ಮೈಕು ಹಿಡಿದರು. ಗಂಟಲು ಸರಿಮಾಡಿಕೊಂಡರು. ನಾನು ಫೋನಿನ ಗುಂಡಿ ಒತ್ತಿದೆ.

“ನೆರೆದಿರುವ ಎಲ್ಲ ಪುಟಾಣಿಗಳಿಗೂ ನನ್ನ ಹೃತ್ಪೂರ್ವಕ ನಮಸ್ಕಾರಗಳು. ಇಂದು ನಾನು ತಮ್ಮೆಲ್ಲರ ಸಮ್ಮುಖದಲ್ಲಿ ನಮ್ಮ ಮಾತೃಭಾಷೆಯ ಕುರಿತು ಎರಡು ಮಾತುಗಳನ್ನಾಡಲು ಇಚ್ಛಿಸುತ್ತೇನೆ.”

ಕನ್ನಡ. ಅದೂ ಆಕಾಶವಾಣಿಯ ಕನ್ನಡ. ಇಷ್ಟು ವರ್ಷದಲ್ಲಿ ಅವರ ಬಾಯಿಂದ ಒಂದು ಕನ್ನಡ ವಾಕ್ಯವನ್ನೂ ನಾನು ಕೇಳಿರಲಿಲ್ಲ. ಅಣ್ಣ ಇಪ್ಪತ್ತು ನಿಮಿಷ ಮಾತಾಡಿದರು. ಬೆವರು ಒರೆಸಿಕೊಂಡು ಕೆಳಗಿಳಿದು, ನನ್ನ ಪಕ್ಕ ಕೂತ ಕೂಡಲೇ ತುಳುವಿನಲ್ಲಿ, ಇನ್ನು ಈ ಕೆಲಸಕ್ಕೆ ಕರೆದರೆ ನಿಮಗೆ ಮೆಸ್ಸಿನ ಬಾಗಿಲು ಬಂದ್ ಎಂದು ಪಿಸುಗುಟ್ಟಿದರು. ಅದೇ ಆ ಸಂಜೆಯ ಅತ್ಯುತ್ತಮ ತುಳು. ಆರನೇ ಕ್ಲಾಸಿನ ಹುಡುಗಿಗೆ ಕೇಳಿಸಿತು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಎಂಟರಲ್ಲಿ ನಾಲ್ಕು ಶುಕ್ರವಾರ ಖಲಾಸ್. ಅಬಾಕಸ್‌ನವರಿಗೆ ಈಗಲೇ ಹಾಲ್ ಬಿಟ್ಟುಕೊಡುವುದು ಮರ್ಯಾದೆಯೇನೋ ಎಂದು ಯೋಚಿಸುತ್ತಾ ಮರುದಿನ ಕ್ಷಮೆ ಕೇಳಲು ಅರ್ದಿಯಾಕ್ಕೆ ಹೋದೆ. ಅಣ್ಣ ದೊಡ್ಡ ಪಾತ್ರೆಯಲ್ಲಿ ಸಾರಿನ ರುಚಿ ನೋಡುತ್ತಿದ್ದರು. ಪಕ್ಕದಲ್ಲಿ ಅವರ ಸಹಾಯಕ, ಗಡ್ಡ ನೆರೆತ ಬಾಂಗ್ಲಾದೇಶದವನು, ಉಪ್ಪಿನ ಡಬ್ಬಿ ಹಿಡಿದು ನಿಂತಿದ್ದ.

“ಯಾವಾ, ಅಣ್ಣ?”

“ನನ ಒಂತೆ.”

ಸಾಕಾ ಎಂದು ಅವನು ಕೇಳಿದ, ಇನ್ನು ಸ್ವಲ್ಪ ಎಂದು ಇವರು ಹೇಳಿದರು, ಅವನು ಉಪ್ಪು ಹಾಕಿದ. ಇದನ್ನು ನಾನು ಎರಡು ವರ್ಷದಿಂದ ಪ್ರತಿ ಶನಿವಾರ ನೋಡಿದ್ದೆ. ಅಂದು ಮೊದಲ ಸಲ ಕೇಳಿಸಿಕೊಂಡೆ. ಸಹಾಯಕನನ್ನು ಹೊರಗೆ ಕರೆದು, ನಿನಗೆ ತುಳು ಕಲಿಸಿದ್ದು ಯಾರು ಭಾಯಿ ಎಂದು ಹಿಂದಿಯಲ್ಲಿ ಕೇಳಿದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅದು ತುಳು ಎಂಬುದು ಗೊತ್ತಿರಲಿಲ್ಲ, ಅಡುಗೆಮನೆಯ ಮಾತು ಎಂದುಕೊಂಡಿದ್ದ.

“ಸಿಖಾಯಾ ಕೌನ್? ಕಾಮ್ ಕಿಯಾ, ಆ ಗಯಾ,” ಎಂದ. ಕಲಿಸಿದವರು ಯಾರೂ ಇಲ್ಲ, ಕೆಲಸ ಮಾಡಿದೆ, ಬಂತು.

ಇದರಲ್ಲಿ ನನಗೆ ಹೊಸದೇನೂ ಇರಬಾರದಿತ್ತು. ಶುಐಬಾದಲ್ಲಿ ಎತ್ತರದಲ್ಲಿ ಕೆಲಸ ಮಾಡುವವರಿಗೆ ಬೆಲ್ಟು ಕಟ್ಟುವುದನ್ನು ವಿವರಿಸಿ, ಅರ್ಥವಾಯಿತಾ ಎಂದರೆ ಮೂವತ್ತು ಜನವೂ ತಲೆ ಆಡಿಸುತ್ತಾರೆ. ಆ ತಲೆಗಳನ್ನು ನಾನು ನಂಬುವುದಿಲ್ಲ. ಒಬ್ಬೊಬ್ಬನೂ ಎದ್ದು ಬಂದು ತಾನೇ ಬೆಲ್ಟು ತೊಟ್ಟು, ಕೊಕ್ಕೆ ಸಿಕ್ಕಿಸಿ, ಜೋತು ತೋರಿಸಬೇಕು. ಆಗಲೇ ಸಹಿ. ವಾರಕ್ಕೆ ಐದು ದಿನ ಹೀಗೆ ಕಲಿಸುವವನು ಆರನೆಯ ದಿನ ಸಾಲ್ಮಿಯಾದ ಹಾಲಿಗೆ ಬಂದು ಹಲಗೆಯ ಮೇಲೆ ಬೆಲ್ಟಿನ ಚಿತ್ರ ಬರೆಯುತ್ತಿದ್ದೆ.

ಅಣ್ಣನಿಗೆ ಹೇಳಿದೆ: ಮಾತಾಡುವುದು ಬೇಡ. ಪುಂಡಿ ಮಾಡಿಸಿ.

ಪುಂಡಿ ಗೊತ್ತಿಲ್ಲದವರಿಗೆ: ಅಕ್ಕಿಯ ತರಿಗೆ ತೆಂಗಿನ ತುರಿ ಸೇರಿಸಿ, ಒಗ್ಗರಣೆ ಹಾಕಿದ ನೀರಿನಲ್ಲಿ ಗಟ್ಟಿಯಾಗುವವರೆಗೆ ಕೆದಕಿ, ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವುದು. ಉಂಡೆಯ ನಡುವೆ ಹೆಬ್ಬೆರಳಿನಿಂದ ಒಂದು ಗುಳಿ ಒತ್ತಬೇಕು, ಒಳಗೂ ಬೇಯಲಿ ಎಂದು. ಮುಖ್ಯ ವಿಷಯ ಇನ್ನೊಂದಿದೆ. ಹಿಟ್ಟು ಬಿಸಿ ಇರುವಾಗಲೇ ಉಂಡೆ ಕಟ್ಟಿ ಮುಗಿಯಬೇಕು. ಆರಿದರೆ ಬಿರುಕು ಬಿಡುತ್ತದೆ.

ಆ ವಾರ ಹಾಲಿನ ಮೇಜು ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿದೆ. ಮೈಕು ಬಿಚ್ಚಿ ಕಪಾಟಿನಲ್ಲಿಟ್ಟೆ. ಹಲಗೆ ಗೋಡೆಗೆ ಜಡಿದದ್ದರಿಂದ ಅದರ ಮೇಲೆ ಬೆಡ್‌ಶೀಟ್ ಹೊದಿಸಿದೆ. ನೆಲಕ್ಕೆ ಪ್ಲಾಸ್ಟಿಕ್ ಚಾಪೆ. ನೆಲಮಾಳಿಗೆಯಲ್ಲಿ ಗ್ಯಾಸ್ ಕೂಡದು ಎಂದು ಕಟ್ಟಡದ ಕಾವಲುಗಾರ, ಈಜಿಪ್ಟಿನವನು, ಬೆರಳಾಡಿಸಿ ಹೇಳಿ ಹೋಗಿದ್ದ. ಸುರಕ್ಷತೆಯವನಾದ ನಾನು ವಾದಿಸುವ ಹಾಗಿರಲಿಲ್ಲ. ಮನೆಗಳಿಂದ ಮೂರು ಕರೆಂಟಿನ ರೈಸ್ ಕುಕ್ಕರ್ ತರಿಸಿ ಅವುಗಳ ಹಬೆ ತಟ್ಟೆ ಸಿದ್ಧ ಮಾಡಿದೆ. ಹಿಟ್ಟನ್ನು ಅಣ್ಣ ಮೆಸ್ಸಿನಲ್ಲೇ ಕೆದಕಿ, ಸ್ಟೀಲ್ ಬಕೆಟಿನಲ್ಲಿ ತುಂಬಿ, ದಪ್ಪ ಟವೆಲ್ ಸುತ್ತಿ ಟ್ಯಾಕ್ಸಿಯಲ್ಲಿ ತಂದರು. ಈ ಸಲ ಇಸ್ತ್ರಿ ಅಂಗಿ ಇರಲಿಲ್ಲ. ಅವರು ನೆಲಕ್ಕೆ ಕುಕ್ಕರಗಾಲಿನಲ್ಲಿ ಕೂತು ಟವೆಲ್ ಬಿಚ್ಚಿದ ಕ್ಷಣದಿಂದ ಮಾತು ತುಳುವಿಗೆ ಬಂತು.

ಕೈ ತೊಳೆಯಿರಿ, ಬನ್ನಿ, ಕೂರಿ, ತೆಗೆಯಿರಿ. ಮಕ್ಕಳು ಮೊದಲು ಸುಮ್ಮನೆ ಮಾಡಿದರು. ಬಿಸಿಗೆ ಒಬ್ಬ ಹುಡುಗ ಕೈ ಕೊಡವಿ ಇಂಗ್ಲಿಷಿನಲ್ಲಿ ಕೂಗಿದ. ಅಣ್ಣ ಅವನ ಕಡೆ ನೋಡಲೂ ಇಲ್ಲ, ಕೈಗೆ ನೀರು ಮುಟ್ಟಿಸಿಕೋ ಎಂದು ತುಳುವಿನಲ್ಲಿ ಹೇಳಿ ಮುಂದಿನ ಉಂಡೆ ಕಟ್ಟಿದರು. ಅವರಿಗೆ ಇಂಗ್ಲಿಷ್ ಗೊತ್ತಿಲ್ಲ, ಇದು ಮಕ್ಕಳಿಗೆ ಐದು ನಿಮಿಷದಲ್ಲಿ ತಿಳಿಯಿತು. ಹಿಟ್ಟು ಆರುತ್ತಿತ್ತು. ಬಟ್ಟಲು ಬೇಕು, ನೀರು ಬೇಕು, ಜಾಗ ಬೇಕು. ಕೇಳಲು ಬೇರೆ ದಾರಿ ಇರಲಿಲ್ಲ.

“ನೀರ್ ಬೋಡು,” ಎಂದಳು ಆರನೇ ಕ್ಲಾಸಿನ ಹುಡುಗಿ. ಬಹಳ ಸಣ್ಣ ದನಿಯಲ್ಲಿ.

ಅಣ್ಣ ನೀರಿನ ಬಟ್ಟಲು ಅವಳ ಕಡೆ ತಳ್ಳಿದರು. ನಗಲಿಲ್ಲ, ಶಾಭಾಷ್ ಎನ್ನಲಿಲ್ಲ, ಇನ್ನೊಮ್ಮೆ ಹೇಳು ಎನ್ನಲಿಲ್ಲ. ನೀರು ಕೇಳಿದಳು, ನೀರು ಕೊಟ್ಟರು. ಅವಳು ಒಂದು ಕ್ಷಣ ಬಟ್ಟಲನ್ನು ನೋಡಿದಳು. ಆಮೇಲೆ ಕೈ ಅದ್ದಿದಳು.

ನಾನು ಶಾಭಾಷ್ ಎನ್ನಲು ಬಾಯಿ ತೆರೆದಿದ್ದೆ. ಮುಚ್ಚಿಕೊಂಡೆ. ಆ ಸಂಜೆ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ರಾತ್ರಿಯ ತನಕ ಕಾಯದೆ ಕಾರಿನಲ್ಲೇ ಮುದ್ರಣ ಕೇಳಿದೆ. ಅಣ್ಣ ಸುಮಾರು ಒಂದು ಗಂಟೆ ಮಕ್ಕಳನ್ನು ತಿದ್ದಿದ್ದರು. ಒಂದು ಸಲವೂ ಮಾತನ್ನು ತಿದ್ದಿರಲಿಲ್ಲ. ಉಂಡೆ ದೊಡ್ಡದಾಯಿತು, ಗುಳಿ ಸಾಲದು, ಹೆಬ್ಬೆರಳು ಹೀಗಲ್ಲ ಹಾಗೆ. ಕೈಯನ್ನು ತಿದ್ದಿದರು, ನಾಲಗೆಯನ್ನು ಅದರ ಪಾಡಿಗೆ ಬಿಟ್ಟರು. ನನ್ನ ಹಳೆಯ ಮುದ್ರಣಗಳಲ್ಲಿ ಮಗು ಎರಡು ಪದ ಆಡುವಷ್ಟರಲ್ಲಿ ನಾನು ಮೂರನೆಯದನ್ನು ತಿದ್ದಿರುತ್ತಿದ್ದೆ.

ಮುಂದಿನ ವಾರಗಳಲ್ಲಿ ಇದನ್ನೇ ಪದ್ಧತಿಯಾಗಿ ಮಾಡಿಕೊಂಡೆವು. ಒಂದು ವಾರ ಮಕ್ಕಳನ್ನು ಜೋಡಿ ಮಾಡಿದೆ: ಒಬ್ಬರ ಕೈಯಲ್ಲಿ ಹಿಟ್ಟು ಮಾತ್ರ, ಇನ್ನೊಬ್ಬರ ಹತ್ತಿರ ನೀರು ಮತ್ತು ತಟ್ಟೆ. ಕೇಳದೆ ಸಿಗದು. ಅಣ್ಣನಿಗೆ ರಜೆ ಸಿಗದ ವಾರ ನಾನೇ ಕೂತೆ. ನನ್ನ ಹಿಟ್ಟು ಅಂಟಾಯಿತು, ಉಂಡೆಗಳು ಸೊಟ್ಟಗಾದವು. ಮಕ್ಕಳು ನನ್ನ ಪುಂಡಿಯ ಬಗ್ಗೆ ಆಡಿದ ಮಾತುಗಳಲ್ಲಿ ನಾನು ಕಲಿಸದ ಪದಗಳಿದ್ದವು. ಅಣ್ಣನ ಬಾಯಿಂದ ಹೆಕ್ಕಿಕೊಂಡದ್ದು, ಕೆಲವು ಬರೆಯುವಂಥವಲ್ಲ. ಬಿಟ್ಟುಹೋಗಿದ್ದ ಇಬ್ಬರೂ ಮರಳಿ ಬಂದರು, ಒಬ್ಬ ತಂಗಿಯನ್ನೂ ಕರೆತಂದ. ನೋಟ್ಸ್ ಕೇಳಿದ್ದ ತಂದೆಗೆ ಮಗ ಡಬ್ಬಿಯಲ್ಲಿ ನಾಲ್ಕು ಪುಂಡಿ ಒಯ್ದುಕೊಟ್ಟ. ಆಮೇಲೆ ಫೋನು ಬರಲಿಲ್ಲ. ಕಾವಲುಗಾರ ಮಾತ್ರ ಪ್ರತಿ ಶುಕ್ರವಾರ ಐದು ಗಂಟೆಗೆ ಸರಿಯಾಗಿ ಗ್ಯಾಸ್ ಇದೆಯೇ ಎಂದು ಪರೀಕ್ಷಿಸಲು ಇಳಿದು ಬರುತ್ತಿದ್ದ. ಬರಿಗೈಯಲ್ಲಿ ಹೋಗುತ್ತಿರಲಿಲ್ಲ.

ಕೊನೆಯ ಶುಕ್ರವಾರಕ್ಕೆ ಎರಡು ದಿನ ಮೊದಲು ಕಾರ್ಯದರ್ಶಿ ಫೋನು ಮಾಡಿದರು. ಅಧ್ಯಕ್ಷರು ಬರುತ್ತಾರೆ, ಮೈಕು ಸರಿಯಿದೆಯೇ ನೋಡಿ, ಮಕ್ಕಳು ಒಬ್ಬೊಬ್ಬರಾಗಿ ಬಂದು ಮಾತಾಡಲಿ, ಹೂಗುಚ್ಛಕ್ಕೆ ನಾನು ಹೇಳಿದ್ದೇನೆ ಎಂದರು.

ಮೈಕಿನ ಎದುರು ಅಣ್ಣನಂಥ ಅಣ್ಣನೇ ಎಡವಿದ್ದರು. ಈ ಮಕ್ಕಳು ವೇದಿಕೆ ಹತ್ತಿದರೆ ಶಾಲೆಯಲ್ಲಿ ಕಲಿತ ಇಂಗ್ಲಿಷೇ ಬರುತ್ತದೆ. ಮೈಕು ಇಲ್ಲ, ವೇದಿಕೆ ಇಲ್ಲ, ಹೂಗುಚ್ಛವೂ ಬೇಡ ಎಂದೆ. ಕಮಿಟಿಯವರು ಚಪ್ಪಲಿ ಬಿಟ್ಟು ಬಂದು ಕೈ ತೊಳೆದು ನೆಲದ ಮೇಲೆ ಕೂರಬೇಕು.

“ನಿಮ್ಗೆ ಮರ್ಲಾ ಮಾಸ್ಟ್ರೆ? ಅಧ್ಯಕ್ಷರ ಮಂಡಿ ನಿಮ್ಗೆ ಗೊತ್ತುಂಟಲ್ಲ.”

ಮೋಟು ಸ್ಟೂಲ್ ಇಡುತ್ತೇನೆ ಎಂದೆ. ತರಗತಿ ಹೋದರೆ ನನ್ನನ್ನು ಕೇಳಬೇಡಿ ಎಂದು ಆಕೆ ಫೋನು ಇಟ್ಟರು.

ಆ ದಿನ ಕಮಿಟಿಯವರು ಐದು ಜನ ಬಂದರು. ನಾನು ಸ್ವಾಗತ ಮಾಡಲಿಲ್ಲ, ಪರಿಚಯ ಮಾಡಲಿಲ್ಲ, ಅದಕ್ಕೆ ಪುರುಸೊತ್ತೂ ಇರಲಿಲ್ಲ. ಬಕೆಟಿನ ಟವೆಲ್ ಬಿಚ್ಚಿ ಆಗಿತ್ತು. ಅಧ್ಯಕ್ಷರು ಕಟ್ಟಡ ಸಾಮಗ್ರಿಯ ವ್ಯಾಪಾರದವರು, ರಾಯ್ ಬಡಾವಣೆಯಲ್ಲಿ ದೊಡ್ಡ ಶೋರೂಂ, ಸಂಘದ ಸಭೆಗಳಲ್ಲಿ ತಾಯ್ನುಡಿಯ ಬಗ್ಗೆ ಕಣ್ಣೀರು ಬರುವಂತೆ ಕನ್ನಡದಲ್ಲಿ ಮಾತಾಡುವವರು. ಅವರು ಚಾಪೆಯ ಅಂಚಿನಲ್ಲಿ ನಿಂತು, ಆರನೇ ಕ್ಲಾಸಿನ ಹುಡುಗಿಯ ಕಡೆ ಬಾಗಿ, ಏನು ಮಾಡುತ್ತಿದ್ದೀಯಮ್ಮಾ ಎಂದು ಇಂಗ್ಲಿಷಿನಲ್ಲಿ ಮುದ್ದಾಗಿ ಕೇಳಿ ಬಟ್ಟಲಿಗೆ ಕೈ ಹಾಕಿದರು.

ಹುಡುಗಿ ಬಟ್ಟಲನ್ನು ಹಿಂದಕ್ಕೆಳೆದುಕೊಂಡಳು.

“ಮುಲ್ಪ ಇಂಗ್ಲಿಷ್ ಬೊಡ್ಚಿ,” ಎಂದಳು. “ಕೈ ದೆಕ್ಕ್‌ದ್ ಬಲೆ.”

ಇಲ್ಲಿ ಇಂಗ್ಲಿಷ್ ಬೇಡ, ಕೈ ತೊಳೆದು ಬನ್ನಿ. ಬಾಯಿಪಾಠ ಮಾಡಿದ ವಾಕ್ಯವಲ್ಲ. ಆ ಹೊತ್ತಿಗೆ ಅವಳಿಗೆ ಬೇಕಾಗಿದ್ದದ್ದು, ಹೇಳಿದಳು. ನಗಬೇಡಿ ದೇವರೇ, ಯಾರೂ ನಗಬೇಡಿ ಎಂದುಕೊಂಡೆ. ಕಾರ್ಯದರ್ಶಿ ತುಟಿ ಕಚ್ಚಿ ಹಿಡಿದಿದ್ದರು. ಅಧ್ಯಕ್ಷರು ನೆಟ್ಟಗಾದರು, ತಮ್ಮ ಕೈಯನ್ನು ನೋಡಿಕೊಂಡರು, ತಿರುಗಿ ಚಹಾ ಕೋಣೆಯ ಸಿಂಕಿಗೆ ಹೋದರು. ಅಲ್ಲಿಂದ ನೀರಿನ ಸದ್ದಿನ ಜೊತೆಗೆ ಅವರ ದನಿ ಬಂತು. ಸಾಬೂನು ಎಲ್ಲಿದೆ ಎಂದು ಕೇಳುತ್ತಿದ್ದರು. ತುಳುವಿನಲ್ಲಿ.

ಆಮೇಲೆ ನನಗೆ ಹೆಚ್ಚು ಕೆಲಸ ಉಳಿಯಲಿಲ್ಲ. ಅಧ್ಯಕ್ಷರು ಮೋಟು ಸ್ಟೂಲಿನ ಮೇಲೆ ಕೂತು ಕಟ್ಟಿದ ಉಂಡೆಯನ್ನು ಹುಡುಗನೊಬ್ಬ ತೂಗಿ ನೋಡಿ, ದೊಡ್ಡದಾಯಿತೆಂದು ಮುರಿದು ಮರಳಿ ಕೊಟ್ಟ. ಇನ್ನೊಬ್ಬ ಕಮಿಟಿಯವರಿಗೆ ಗುಳಿ ಒತ್ತುವುದು ಹೇಗೆಂದು ಎಂಟು ವರ್ಷದ ತಂಗಿ ತೋರಿಸಿದಳು. ಯಾರದು ಯಾವ ತಟ್ಟೆ, ಯಾವುದು ಬೆಂದಿದೆ, ಯಾರು ಕದ್ದರು ಎಂದು ಜಗಳಗಳಾದವು, ಅವೂ ತುಳುವಿನಲ್ಲೇ ನಡೆದವು. ಅರ್ಧ ಗಂಟೆ ಯಾವಾಗ ಮುಗಿಯಿತೋ ಕಮಿಟಿಯವರೂ ನೋಡಲಿಲ್ಲ. ಐದು ಗಂಟೆಗೆ ಕಾವಲುಗಾರ ಇಳಿದು ಬಂದು ಗ್ಯಾಸ್ ಇಲ್ಲವೆಂದು ಖಚಿತಪಡಿಸಿಕೊಂಡು ಅಣ್ಣನ ಪಕ್ಕ ಕೂತ.

ತಿಂದು ಮುಗಿಯುವ ಹೊತ್ತಿಗೆ ಕಾರ್ಯದರ್ಶಿ ನನ್ನ ಹತ್ತಿರ ಬಂದು, ಅಬಾಕಸ್‌ನವರಿಗೆ ಶನಿವಾರ ಕೊಡುತ್ತೇನೆ ಎಂದರು. ಮತ್ತೆ, “ಒಂದೆರಡು ಮಾತು ಹೇಳಿ ಮಾಸ್ಟ್ರೆ, ಹಾಗೇ ಎದ್ದು ಹೋದ್ರೆ ಚಂದ ಅಲ್ಲ,” ಎಂದರು.

ನಾನು ಎದ್ದು ನಿಂತೆ. ಅಣ್ಣನಿಗೆ, ಮಕ್ಕಳಿಗೆ, ಕಮಿಟಿಗೆ ವಂದನೆ ಹೇಳಿದೆ. ಬಾಗಿಲಿನ ಹತ್ತಿರ ಚಪ್ಪಲಿಗಳ ರಾಶಿ ಕಣ್ಣಿಗೆ ಬಿತ್ತು, ಎರಡು ನಿಮಿಷದಲ್ಲಿ ಮುಗಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೂತ ಮೇಲೆ ಸಂಶಯ ಶುರುವಾಯಿತು. ನಾನು ಮಾತಾಡಿದ್ದು ಯಾವ ಭಾಷೆಯಲ್ಲಿ? ತುಳುವಿನಲ್ಲಿ ಎಂದು ಸ್ಪಷ್ಟವಾಗಿ ನೆನಪಿತ್ತು. ಅದೇ ಭಯಕ್ಕೆ ಕಾರಣ. ಜನ ಸಾಲಾಗಿ ಕೂತಿದ್ದರು, ನಾನು ನಿಂತಿದ್ದೆ.

ಫೋನು ತೆಗೆದು ನೋಡಿದೆ. ಆ ದಿನದ ಮುದ್ರಣವೇ ಇರಲಿಲ್ಲ. ಬಕೆಟು ಬಂದ ಗಡಿಬಿಡಿಯಲ್ಲಿ ಗುಂಡಿ ಒತ್ತಿದ ನೆನಪು ನನಗಿದೆ, ಫೋನಿಗಿಲ್ಲ.

ಕಮಿಟಿಯವರನ್ನು ಕೇಳಿ ಉಪಯೋಗವಿರಲಿಲ್ಲ, ನಮ್ಮವರಿಗೆ ಭಾಷಣ ಯಾವ ಭಾಷೆಯಲ್ಲಿತ್ತು ಎಂಬುದು ಎಂದೂ ನೆನಪಿರುವುದಿಲ್ಲ. ಚಪ್ಪಲಿ ಹಾಕಿಕೊಂಡು ಮೆಟ್ಟಿಲ ಕಡೆ ಹೊರಟಿದ್ದ ಆರನೇ ಕ್ಲಾಸಿನ ಹುಡುಗಿಯನ್ನು ಹೊಸಿಲಿನ ಆಚೆಯೇ ನಿಲ್ಲಿಸಿ ಕೇಳಿದೆ, ನಾನು ಕೊನೆಗೆ ಮಾತಾಡಿದ್ದು ತುಳುವಿನಲ್ಲಾ, ಕನ್ನಡದಲ್ಲಾ?

ಅವಳು ಬಾಯಲ್ಲಿದ್ದದ್ದನ್ನು ನುಂಗಿದಳು.

“ಗೊತ್ತುಜ್ಜಿ ಮಾಸ್ಟ್ರೆ. ಯಾನ್ ಪುಂಡಿ ತಿನೊಂದಿತ್ತೆ.”

ಗೊತ್ತಿಲ್ಲ, ನಾನು ಪುಂಡಿ ತಿನ್ನುತ್ತಾ ಇದ್ದೆ. ಅಷ್ಟು ಹೇಳಿ ಮೆಟ್ಟಿಲು ಹತ್ತಿ ಹೋದಳು. ಕಾರಿನಲ್ಲಿ ಕೂತು ಮೊದಲು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ತಾರೀಖು ಹಾಕಿ, ಹೊಸಿಲಿನ ಆಚೆ ಎಂದು ಕೆಳಗೆ ಗೆರೆ ಎಳೆದು. ಇದೊಂದನ್ನು ನನ್ನ ನೆನಪಿನ ಮೇಲೆ ಬಿಡುವ ಹಾಗಿರಲಿಲ್ಲ.